ಮನೆಯ ಮಾತು, ನಾಡಿನ ನುಡಿ: ಮಾಸ್ತಿಯವರ ಬಾಳು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಗೋವಿಂದರಾಜನಗರದ ಯಾವುದಾದರೊಂದು ಬೀದಿಯಲ್ಲಿ ಸಂಜೆಯ ಹೊತ್ತು ನಡೆದು ಹೋದರೆ ನಾಲ್ಕಾರು ಭಾಷೆಗಳು ಕಿವಿಗೆ ಬೀಳುತ್ತವೆ. ಒಂದು ಮನೆಯಲ್ಲಿ ತಮಿಳು, ಅದರ ಎದುರು ಮನೆಯಲ್ಲಿ ತೆಲುಗು, ಮೂಲೆಯ ಅಂಗಡಿಯಲ್ಲಿ ಉರ್ದು, ಪಕ್ಕದ ಜಗಲಿಯ ಮೇಲೆ ತುಮಕೂರು ಸೀಮೆಯ ಕನ್ನಡ. ಬದುಕನ್ನು ಅರಸಿ ಬಂದವರು ಕಟ್ಟಿಕೊಂಡ ಬಡಾವಣೆಗಳ ರೀತಿಯೇ ಹೀಗೆ. ಮರುದಿನ ಬೆಳಗ್ಗೆ ಈ ಎಲ್ಲ ಮನೆಗಳ ಮಕ್ಕಳೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಆಗ ಒಂದು ಪ್ರಶ್ನೆ ಏಳುತ್ತದೆ. ಮನೆಯಲ್ಲಿ ತಾಯಿ ಕಲಿಸಿದ ಮಾತನ್ನು ಉಳಿಸಿಕೊಂಡು ಈ ನಾಡಿನವರಾಗುವುದು ಸಾಧ್ಯವೆ? ಅಥವಾ ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಲೇಬೇಕೆ?

ಇದು ಹೊಸ ಪ್ರಶ್ನೆಯಲ್ಲ. ಒಂದು ಸೀಮೆಯ ಜನ ಮತ್ತೊಂದು ಸೀಮೆಗೆ ಹೋಗಿ ನೆಲೆಸಿದ ಕಾಲದಿಂದಲೂ ಇದು ಇದೆ. ಇದಕ್ಕೆ ಕನ್ನಡದಲ್ಲಿ ದೊರೆತ ಉತ್ತರಗಳಲ್ಲಿ ಒಂದು ಬಹಳ ದೊಡ್ಡದು. ಅದು ವಾದದ ರೂಪದಲ್ಲಿ ಬಂದ ಉತ್ತರವಲ್ಲ, ಒಬ್ಬರ ಬಾಳಿನ ರೂಪದಲ್ಲಿ ಬಂದ ಉತ್ತರ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಬಾಳು ಅದು.

ಮಾಸ್ತಿಯವರು 1891ನೆಯ ಇಸವಿ ಜೂನ್ 6ರಂದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. ಆ ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರೇ ಮುಂದೆ ಅವರ ಹೆಸರಾಯಿತು. ಅವರದು ಶ್ರೀವೈಷ್ಣವ ಮನೆತನ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಚೋಳ ನಾಡಿನಿಂದ ಹೊಯ್ಸಳ ನಾಡಿಗೆ ಬಂದು ಮೇಲುಕೋಟೆಯಲ್ಲಿ ನೆಲೆಸಿದರು. ಅಂದಿನಿಂದ ಮೊದಲುಗೊಂಡು ಬೇರೆ ಬೇರೆ ಕಾಲಗಳಲ್ಲಿ ತಮಿಳು ಸೀಮೆಯ ಎಷ್ಟೋ ಶ್ರೀವೈಷ್ಣವ ಕುಟುಂಬಗಳು ಕನ್ನಡ ನಾಡಿನ ಊರುಗಳಲ್ಲಿ ಬೇರೂರಿದವು. ಈ ನಾಡಿನ ಅನ್ನವನ್ನುಂಡು, ಈ ನಾಡಿನ ದೊರೆಗಳ ಸೇವೆ ಮಾಡಿ, ಈ ನಾಡಿನ ಕಷ್ಟಸುಖಗಳಲ್ಲಿ ಪಾಲ್ಗೊಂಡ ಈ ಮನೆಗಳು ಒಳಮನೆಯಲ್ಲಿ ಮಾತ್ರ ತಮಿಳನ್ನು ಬಿಡಲಿಲ್ಲ. ಅಂಥ ಒಂದು ಮನೆಯಲ್ಲಿ ಮಾಸ್ತಿಯವರು ಕಣ್ಣು ತೆರೆದರು. ತಾಯಿಯೊಡನೆ ಆಡಿದ ಮಾತು ತಮಿಳು. ಬೀದಿಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕೇಳಿದ ಮಾತು ಕನ್ನಡ. ಎರಡೂ ಬಾಲ್ಯದಲ್ಲೇ ಒಟ್ಟಿಗೆ ಬಂದವು.

ಮನೆಯಲ್ಲಿ ಬಡತನವಿತ್ತು. ಆದರೆ ಹುಡುಗನಿಗೆ ಓದಿನಲ್ಲಿ ಅಸಾಧಾರಣವಾದ ಚುರುಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದರಾಸಿಗೆ ಹೋಗಿ, 1914ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಪಡೆದರು. ಅದೇ ವರ್ಷ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಅಸಿಸ್ಟೆಂಟ್ ಕಮಿಷನರ್ ಹುದ್ದೆಗೆ ಸೇರಿದರು.

ಆ ದಿನಗಳ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ವಿದ್ಯಾವಂತರಿಗೆ ಇಂಗ್ಲಿಷ್ ಎಂದರೆ ಅನ್ನ, ಅಧಿಕಾರ, ಗೌರವ ಎಲ್ಲವೂ ಆಗಿತ್ತು. ಕನ್ನಡದಲ್ಲಿ ಕಾಗದ ಬರೆಯುವುದಕ್ಕೂ ನಾಚುವ ಪದವೀಧರರು ಇದ್ದ ಕಾಲ ಅದು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಮಾಸ್ತಿಯವರು ಕೆಲಸಕ್ಕೆ ಸೇರಿದ ಮರುವರ್ಷ. ಇಂಥ ಹೊತ್ತಿನಲ್ಲಿ ಲೇಖನಿ ಹಿಡಿದ ಈ ತರುಣನ ಮುಂದೆ ಮೂರು ದಾರಿಗಳಿದ್ದವು. ಮನೆಯ ಮಾತಾದ ತಮಿಳು, ಅದರ ಹಿಂದೆ ಎರಡು ಸಾವಿರ ವರ್ಷಗಳ ಸಾಹಿತ್ಯದ ಹೆಮ್ಮೆ. ಓದಿದ ಮಾತಾದ ಇಂಗ್ಲಿಷ್, ಅದರ ಮುಂದೆ ಜಗತ್ತಿನ ಹೆಬ್ಬಾಗಿಲು. ಮೂರನೆಯದು ಸುತ್ತಣ ಜನರ ಮಾತಾದ ಕನ್ನಡ. ಮಾಸ್ತಿಯವರು ಮೂರನೆಯ ದಾರಿಯನ್ನು ಹಿಡಿದರು. ಯಾರ ಬಲವಂತವೂ ಅದರಲ್ಲಿರಲಿಲ್ಲ. ತನ್ನನ್ನು ಸಾಕಿದ ನೆಲದ ಜನರ ಬದುಕನ್ನು ಹೇಳಬೇಕಾದರೆ ಆ ಜನರ ನುಡಿಯಲ್ಲೇ ಹೇಳಬೇಕೆಂಬುದು ಅವರಿಗೆ ಸಹಜವಾಗಿ ತೋರಿತು. 'ಶ್ರೀನಿವಾಸ' ಎಂಬ ಕಾವ್ಯನಾಮದಿಂದ ಅವರು ಬರೆದ ಕಥೆಗಳ ಮೊದಲ ಸಂಗ್ರಹ 'ಕೆಲವು ಸಣ್ಣ ಕತೆಗಳು' 1920ರಲ್ಲಿ ಪ್ರಕಟವಾಯಿತು. ಹೊಸಗನ್ನಡದ ಸಣ್ಣಕಥೆಗೆ ಗಟ್ಟಿಯಾದ ತಳಹದಿ ಬಿದ್ದದ್ದು ಈ ಪುಸ್ತಕದಿಂದ.

ಅವರ ಮೊದಮೊದಲ ಕಥೆಗಳಲ್ಲೊಂದಾದ 'ರಂಗನ ಮದುವೆ'ಯಲ್ಲಿಯೇ ನಮ್ಮ ಪ್ರಶ್ನೆ ಇಣುಕುತ್ತದೆ. ಹೊಸಹಳ್ಳಿಯ ಶಾನುಭೋಗರ ಮಗ ರಂಗ ಇಂಗ್ಲಿಷ್ ಓದಲು ಬೆಂಗಳೂರಿಗೆ ಹೋಗಿ ಊರಿಗೆ ಹಿಂದಿರುಗುತ್ತಾನೆ. ಹುಡುಗ ಎಷ್ಟು ಬದಲಾಗಿದ್ದಾನೋ ಎಂದು ನೋಡಲು ಊರಿಗೆ ಊರೇ ನೆರೆಯುತ್ತದೆ. ಒಬ್ಬ ಮುದುಕಿ ಅವನ ಎದೆಯ ಮೇಲೆ ಕೈಯಾಡಿಸಿ ಜನಿವಾರ ಇದೆಯೇ ಎಂದು ಪರೀಕ್ಷಿಸುತ್ತಾಳೆ. ರಂಗನಾದರೋ ಹಿರಿಯರಿಗೆ ಮೊದಲಿನಂತೆಯೇ ಬಗ್ಗಿ ನಮಸ್ಕರಿಸುತ್ತಾನೆ. ಅದೇ ಕಥೆಯಲ್ಲಿ ಇನ್ನೊಬ್ಬ ಯುವಕನ ಪ್ರಸಂಗವೂ ಉಂಟು. ಸೌದೆ ಮಾರುವ ಬಡ ಹೆಂಗಸಿಗೆ ಚಿಲ್ಲರೆ ಇಲ್ಲವೆಂಬುದನ್ನು ಅವನು ಇಂಗ್ಲಿಷ್ ಪದ ಬಳಸಿ ಹೇಳುತ್ತಾನೆ; ಅವಳಿಗೆ ಅದು ಅರ್ಥವಾಗದೆ ಗೊಣಗುತ್ತ ಹೋಗುತ್ತಾಳೆ. ಕಥೆ ನಗುನಗುತ್ತ ಹೇಳಿದ್ದು. ಆದರೆ ಅದರ ಒಳಗೆ ಒಂದು ವಿವೇಕವಿದೆ. ಹೊಸದನ್ನು ಕಲಿಯುವುದು ತಪ್ಪಲ್ಲ. ಕಲಿತ ಹೊಸತು ನಮ್ಮನ್ನೂ ನೆರೆಯವರನ್ನೂ ಬೇರ್ಪಡಿಸುವ ಗೋಡೆಯಾದರೆ ಆಗ ತಪ್ಪು.

ಸರ್ಕಾರಿ ಕೆಲಸದ ನಿಮಿತ್ತ ಮಾಸ್ತಿಯವರು ಮೈಸೂರು ಸಂಸ್ಥಾನದ ಊರೂರುಗಳನ್ನು ಕಂಡರು. ರೈತರ, ವ್ಯಾಪಾರಿಗಳ, ಹಳ್ಳಿಯ ಹೆಂಗಸರ ಮಾತಿನ ವರಸೆ ಅವರ ಕಿವಿಯಲ್ಲಿ ನಿಂತಿತು. 'ಮೊಸರಿನ ಮಂಗಮ್ಮ', 'ವೆಂಕಟಶಾಮಿಯ ಪ್ರಣಯ', 'ಜೋಗ್ಯೋರ ಅಂಜಪ್ಪನ ಕೋಳಿ ಕತೆ' ಎಂಬ ಹೆಸರುಗಳನ್ನು ಕೇಳಿದರೇ ಸಾಕು, ಆ ಕಥೆಗಳ ಬೇರು ಎಲ್ಲಿದೆ ಎಂಬುದು ತಿಳಿಯುತ್ತದೆ. ಮನೆಯಲ್ಲಿ ಬೇರೊಂದು ಮಾತನ್ನು ಆಡಿಕೊಂಡು ಬೆಳೆದವರು ಕನ್ನಡದ ಹಳ್ಳಿಯ ನುಡಿಯನ್ನು ಇಷ್ಟು ಹದವಾಗಿ ಬಳಸಿದ್ದು ಆಶ್ಚರ್ಯವೆನ್ನಿಸಬಹುದು. ಆದರೆ ಎರಡು ನುಡಿಗಳ ನಡುವೆ ಬೆಳೆದವನ ಕಿವಿ ಹೆಚ್ಚು ಎಚ್ಚರವಾಗಿರುತ್ತದೆ. ಒಂದೇ ಮಾತನ್ನು ಬಲ್ಲವನು ಗಮನಿಸದೆ ಬಿಡುವ ಸೂಕ್ಷ್ಮಗಳು ಅವನಿಗೆ ಕೇಳಿಸುತ್ತವೆ.

ಇಷ್ಟೆಲ್ಲ ಆದರೂ ಮಾಸ್ತಿಯವರು ತಮ್ಮ ಮನೆತನದ ಗುರುತುಗಳನ್ನು ಮರೆಮಾಡಲಿಲ್ಲ. ತಲೆಯ ಮೇಲೆ ರುಮಾಲು, ಮೈಮೇಲೆ ಕೋಟು, ಹಣೆಯ ಮೇಲೆ ನಾಮ. ಇದು ಕನ್ನಡಿಗರ ಮನಸ್ಸಿನಲ್ಲಿ ಉಳಿದಿರುವ ಅವರ ಚಿತ್ರ. ಹೆಸರಿನ ಕೊನೆಯ ಅಯ್ಯಂಗಾರ್ ಎಂಬ ಪದವನ್ನೂ ಅವರು ಬಿಡಲಿಲ್ಲ. ಅದರ ಜೊತೆಗೆ ಕನ್ನಡ ನೆಲದ ಒಂದು ಊರಿನ ಹೆಸರನ್ನು ಮುಂದಕ್ಕೆ ಇಟ್ಟುಕೊಂಡರು. ಜನ ಅವರನ್ನು ಕರೆದದ್ದು ಆ ಊರಿನ ಹೆಸರಿನಿಂದಲೇ. ಪ್ರಾಸ ಕೂಡಿಸಿ ಅವರನ್ನು ಕನ್ನಡದ ಆಸ್ತಿ ಎಂದು ಹೊಗಳುವುದು ನಾಡಿನಲ್ಲಿ ವಾಡಿಕೆಯ ಮಾತಾಯಿತು.

ಈ ಎರಡು ಎಳೆತಗಳ ವಿಷಯವನ್ನು ಹೊರನಾಡಿನ ಕಥೆಗಾರರೂ ಬರೆದಿದ್ದಾರೆ. ಅಂಥವರಲ್ಲಿ ಮಾಸ್ತಿಯವರಿಗಿಂತ ಹಿರಿಯನಾದ ಏಬ್ರಹಾಂ ಕಹಾನ್ ಒಬ್ಬ. ಅವನು ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾದ ಯೆಹೂದಿ. 1882ರಲ್ಲಿ ವಲಸೆ ಹೋಗಿ ಅಮೆರಿಕದ ನ್ಯೂಯಾರ್ಕ್ ನಗರವನ್ನು ಸೇರಿದನು. ತನ್ನ ಜನರ ಯಿಡ್ಡಿಷ್ ಭಾಷೆಯಲ್ಲಿ ಪತ್ರಿಕೆ ನಡೆಸಿದನು, ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಬರೆದನು. 1896ರಲ್ಲಿ ಪ್ರಕಟವಾದ ಅವನ 'ಯೆಕ್ಲ್' ಎಂಬ ಕಾದಂಬರಿಯ ನಾಯಕನು ಅಮೆರಿಕನ್ ಆಗುವ ಆತುರದಲ್ಲಿ ಹೆಸರನ್ನು ಜೇಕ್ ಎಂದು ಬದಲಾಯಿಸಿಕೊಳ್ಳುತ್ತಾನೆ. ಊರಿನಿಂದ ಹೆಂಡತಿ ಬಂದಾಗ ಅವಳ ಹಳೆಯ ಉಡುಗೆತೊಡುಗೆಯನ್ನು ಕಂಡು ನಾಚುತ್ತಾನೆ. ಕೊನೆಗೆ ಅವಳನ್ನೇ ಬಿಡುತ್ತಾನೆ. 1917ರ ಇನ್ನೊಂದು ಕಾದಂಬರಿಯ ನಾಯಕ ಡೇವಿಡ್ ಲೆವಿನ್‌ಸ್ಕಿ ಬಟ್ಟೆಯ ವ್ಯಾಪಾರದಲ್ಲಿ ಅಪಾರ ಹಣ ಗಳಿಸುತ್ತಾನೆ. ಆದರೆ ಅವನ ಬಾಲ್ಯಕ್ಕೂ ಅವನ ಸಂಪತ್ತಿಗೂ ನಂಟು ಕಡಿದುಹೋಗಿ, ಅವನು ಒಂಟಿಯಾಗಿ ಉಳಿಯುತ್ತಾನೆ. ಹೊಸ ನಾಡಿನವನಾಗಲು ಹಳೆಯದನ್ನು ಕಿತ್ತೆಸೆದವನಿಗೆ ಹೊಸದೂ ಪೂರ್ಣವಾಗಿ ದಕ್ಕುವುದಿಲ್ಲ ಎಂಬುದು ಈ ಕಥೆಗಳ ತಿರುಳು.

ಮಾಸ್ತಿಯವರ ಕಥಾಲೋಕದಲ್ಲಿ ಊರು ಬಿಟ್ಟವರ ಪೈಕಿ ಇಬ್ಬರು ನಮ್ಮ ನೆನಪಿನಲ್ಲಿ ನಿಲ್ಲುತ್ತಾರೆ. ಮೊದಲನೆಯವನು 1928ರಲ್ಲಿ ಪ್ರಕಟವಾದ 'ಸುಬ್ಬಣ್ಣ' ಎಂಬ ನೀಳ್ಗತೆಯ ನಾಯಕ. ಮೈಸೂರಿನ ಆಸ್ಥಾನ ಪೌರಾಣಿಕರ ಮಗನಾದ ಅವನಿಗೆ ಸಂಗೀತದಲ್ಲಿ ಒಲವು. ತಂದೆಯೊಡನೆ ಮನಸ್ಸು ಮುರಿದು ಅವನು ಮೈಸೂರನ್ನು ಬಿಟ್ಟು ದೂರದ ಕಲ್ಕತ್ತೆಯವರೆಗೂ ಹೋಗುತ್ತಾನೆ. ಅಲ್ಲಿ ಮಾತು ಬೇರೆ, ಜನ ಬೇರೆ. ಅವನ ಸಂಗೀತವೇ ಅವನಿಗೆ ಅನ್ನ ಕೊಡುತ್ತದೆ. ತನ್ನವರನ್ನು ಕಳೆದುಕೊಂಡ ದುಃಖವನ್ನೂ ಅವನು ಉಣ್ಣುತ್ತಾನೆ. ಆ ದುಃಖದಲ್ಲಿ ಅಹಂಕಾರ ಕರಗಿ, ಹಣ್ಣಾದ ಮನಸ್ಸಿನೊಡನೆ ಮೈಸೂರಿಗೆ ಹಿಂತಿರುಗುತ್ತಾನೆ. ಸುಬ್ಬಣ್ಣ ಪರಸ್ಥಳದಲ್ಲಿ ಬಾಳಿದರೂ ಒಳಗಿನ ಸ್ವರವನ್ನು ಕಳೆದುಕೊಳ್ಳಲಿಲ್ಲ. ಅವನ ಕಲೆ ಊರನ್ನು ದಾಟಿ ಬಂತು. ಆದ್ದರಿಂದ ಅವನೂ ಉಳಿದನು.

ಎರಡನೆಯವನು ಕೊಡಗಿನ ಕೊನೆಯ ದೊರೆ. 1956ರಲ್ಲಿ ಬಂದ 'ಚಿಕವೀರ ರಾಜೇಂದ್ರ' ಕಾದಂಬರಿಯಲ್ಲಿ ಮಾಸ್ತಿಯವರು ಅವನ ಪತನದ ಕಥೆಯನ್ನು ವಿಸ್ತಾರವಾಗಿ ಹೇಳಿದ್ದಾರೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ದೊರೆಯನ್ನು ನಾಡಿನಿಂದ ಹೊರಗೆ ಕಳುಹಿಸಿದರು. ಅವನು ಕಾಶಿಯಲ್ಲಿ ಬಹುಕಾಲ ಇದ್ದನು. ಕಾದಂಬರಿಯ ಕೊನೆಯ ಭಾಗ ಕೊಡಗಿನ ಗಡಿಯನ್ನು ದಾಟಿ ಆ ರಾಜವಂಶದ ಮುಂದಿನ ಗತಿಯನ್ನೂ ತಿಳಿಸುತ್ತದೆ.

ಇತಿಹಾಸದಲ್ಲಿ ಆ ಗತಿ ಬಹು ಕರುಣಾಜನಕವಾದದ್ದು. ಚಿಕವೀರ ರಾಜೇಂದ್ರನು 1852ರಲ್ಲಿ ಸುಮಾರು 11 ವರ್ಷದ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಕಂಪನಿಯ ವಶದಲ್ಲಿದ್ದ ತನ್ನ ಹಣವನ್ನು ಪಡೆಯುವ ಆಸೆ ಅವನಿಗಿತ್ತು. ಮಗಳನ್ನು ಕ್ರೈಸ್ತ ಮತದಲ್ಲಿ, ಇಂಗ್ಲಿಷ್ ರೀತಿಯಲ್ಲಿ ಬೆಳೆಸಲು ಅವನು ಒಪ್ಪಿಸಿದನು. ಅದೇ ವರ್ಷ ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಕೊಡಗಿನ ಹುಡುಗಿ ವಿಕ್ಟೋರಿಯಾ ಗೌರಮ್ಮಳಾದಳು. ಹೆಸರಾಂತ ಕಲಾವಿದ ವಿಂಟರ್‌ಹಾಲ್ಟರ್ ಅವಳ ಚಿತ್ರವನ್ನು ಬರೆದನು. ಅರಮನೆಯ ಗೌರವಕ್ಕೆ ಕೊರತೆಯಿರಲಿಲ್ಲ. ಆದರೆ ತಂದೆಯ ಸಹವಾಸದಿಂದ ಅವಳನ್ನು ದೂರವಿಟ್ಟು ಬೆಳೆಸಿದರು. ತಂದೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷ ಅವಳಿಗೆ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಬೆಲ್ಲನೊಡನೆ ಮದುವೆಯಾಯಿತು. 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ಪುಟ್ಟ ಮಗಳನ್ನು ಬಿಟ್ಟು ಅವಳು ಕಣ್ಮುಚ್ಚಿದಳು. ಅವಳ ಸಮಾಧಿ ಇರುವುದು ಲಂಡನ್ನಿನಲ್ಲಿ.

ಸುಬ್ಬಣ್ಣನಿಗೂ ಗೌರಮ್ಮನಿಗೂ ಇರುವ ಅಂತರವನ್ನು ಗಮನಿಸಬೇಕು. ಸುಬ್ಬಣ್ಣ ತಾನಾಗಿ ಹೋದನು, ತನ್ನದನ್ನು ಹೊತ್ತುಕೊಂಡು ಹೋದನು, ಹಿಂತಿರುಗುವ ದಾರಿ ಅವನಿಗೆ ತೆರೆದಿತ್ತು. ಗೌರಮ್ಮನನ್ನು ಒಯ್ದರು, ಅವಳ ಪರವಾಗಿ ಇತರರು ತೀರ್ಮಾನಿಸಿದರು, ತನ್ನದೆಂದು ಅವಳಿಗೆ ಉಳಿದದ್ದು ಹೆಸರಿನ ಅರ್ಧ ಭಾಗ ಮಾತ್ರ. ಪರರ ನಾಡಿನಲ್ಲಿ ಬೆರೆಯುವುದು ಒಲವಿನಿಂದ ಆದಾಗ ಬಾಳು ಹಿಗ್ಗುತ್ತದೆ. ಅದು ನಿರ್ಬಂಧದಿಂದ ಆದಾಗ ಬೆರೆತಂತೆ ಕಂಡರೂ ಬಾಳು ಬಡವಾಗುತ್ತದೆ. ಮಾಸ್ತಿಯವರದು ಮೊದಲನೆಯ ಬಗೆಯ ಬೆರೆಯುವಿಕೆ.

ಆ ಒಲವು ಬರವಣಿಗೆಯೊಂದರಲ್ಲೇ ನಿಲ್ಲಲಿಲ್ಲ. 1929ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಬೆಳಗಾವಿ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರು, ಕನ್ನಡವೂ ಮರಾಠಿಯೂ ಎದುರುಬದುರಾಗಿ ನಿಂತ ಗಡಿನಾಡು. ಅಲ್ಲಿ ಕನ್ನಡದ ಪೀಠದ ಮೇಲೆ ಕುಳಿತವರು ಮನೆಯಲ್ಲಿ ತಮಿಳನ್ನಾಡುವ ಮೈಸೂರು ಸೀಮೆಯ ಅಧಿಕಾರಿ ಎಂಬುದು ಕನ್ನಡದ ಔದಾರ್ಯಕ್ಕೂ ಸಾಕ್ಷಿ, ಆ ಅಧಿಕಾರಿಯ ನಿಷ್ಠೆಗೂ ಸಾಕ್ಷಿ.

ಸರ್ಕಾರಿ ಸೇವೆಯಲ್ಲಿ ಅವರು ಎಕ್ಸೈಜ್ ಕಮಿಷನರ್ ಹುದ್ದೆಯವರೆಗೂ ಏರಿದರು. ಮಹಾರಾಜರು 'ರಾಜಸೇವಾಸಕ್ತ' ಎಂಬ ಬಿರುದನ್ನು ಕೊಟ್ಟರು. ಆದರೆ ತಮಗಿಂತ ಕಿರಿಯರಾದ ಅಧಿಕಾರಿಯೊಬ್ಬರನ್ನು ಮೇಲಿನ ಸ್ಥಾನಕ್ಕೆ ನೇಮಿಸಿದಾಗ, 1943ರಲ್ಲಿ, ಅವರು ರಾಜೀನಾಮೆ ಕೊಟ್ಟು ಹೊರಬಂದರು. ವಿನಯವೂ ಸ್ವಾಭಿಮಾನವೂ ಒಬ್ಬರಲ್ಲೇ ಇರಬಲ್ಲವು ಎಂಬುದಕ್ಕೆ ಇದು ನಿದರ್ಶನ. ಆಮೇಲಿನ ಕಾಲವೆಲ್ಲ ಕನ್ನಡದ ಕೆಲಸಕ್ಕೇ ಮೀಸಲಾಯಿತು. 1944ರಿಂದ 1965ರವರೆಗೆ ಎರಡು ದಶಕಗಳ ಕಾಲ 'ಜೀವನ' ಮಾಸಪತ್ರಿಕೆಯನ್ನು ಸಂಪಾದಿಸಿದರು. ಕಿರಿಯ ಬರಹಗಾರರನ್ನು ಕೈಹಿಡಿದು ನಡೆಸಿದರು. ಬೆಂಗಳೂರಿನ ಗವಿಪುರದ ಅವರ ಮನೆ ಕನ್ನಡ ಬರಹಗಾರರಿಗೆ ಪರಿಚಿತವಾದ ಬಾಗಿಲಾಯಿತು.

ಈ ದಾರಿಯಲ್ಲಿ ಮಾಸ್ತಿಯವರು ಒಂಟಿಯಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ. ನಾಟಕಕಾರ ಕೈಲಾಸಂ ಅವರದೂ 'ರತ್ನನ ಪದಗಳು' ಬರೆದ ರಾಜರತ್ನಂ ಅವರದೂ ತಮಿಳು. ನಿಸಾರ್ ಅಹಮದ್ ಅವರದು ಉರ್ದು. ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಎಂಟು ಮಂದಿಯಲ್ಲಿ ಬೇಂದ್ರೆ, ಮಾಸ್ತಿ, ಗಿರೀಶ ಕಾರ್ನಾಡ ಈ ಮೂವರ ಮನೆಯ ಮಾತು ಕನ್ನಡವಲ್ಲ. ಇವರು ಯಾರೂ ತಾಯಿಯ ಮಾತನ್ನು ತುಚ್ಛವೆಂದು ತಿಳಿದು ಕನ್ನಡಕ್ಕೆ ಬಂದವರಲ್ಲ. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದರು. ತಾಯಿಯ ಮಾತನ್ನು ಪ್ರೀತಿಸಲು ಕಲಿತವರಿಗೆ ಇನ್ನೊಂದು ನುಡಿಯನ್ನು ಪ್ರೀತಿಸುವ ಬಗೆಯೂ ತಿಳಿದಿತ್ತು.

ಇಲ್ಲಿ ಎರಡು ಕಡೆಯವರಿಗೂ ಒಂದೊಂದು ಹೊಣೆ ಇದೆ. ವಲಸೆ ಬಂದವರು ಹತ್ತಾರು ವರ್ಷ ಈ ನೀರು ಕುಡಿದು, ಈ ನುಡಿಯ ನಾಲ್ಕು ಮಾತನ್ನೂ ಕಲಿಯದೆ ಉಳಿದರೆ ಅದು ನೆಲಕ್ಕೆ ಮಾಡುವ ಅಗೌರವ. ನೆಲದವರು ಪಕ್ಕದ ಬೆಂಚಿನ ಹುಡುಗನ ಮನೆಮಾತನ್ನು ಹಂಗಿಸಿದರೆ, ಅವನ ಉಚ್ಚಾರಣೆಯನ್ನು ಅಣಕಿಸಿದರೆ, ಅದು ನುಡಿಗೆ ಮಾಡುವ ಅಪಚಾರ. ಅಣಕಕ್ಕೆ ಹೆದರಿ ಬಾಯಿ ಮುಚ್ಚಿದ ಮಕ್ಕಳಲ್ಲಿ ಒಬ್ಬ ಮಾಸ್ತಿ ಇದ್ದರೆ, ನಷ್ಟ ಆ ಮಗುವಿಗೆ ಮಾತ್ರವಲ್ಲ, ಕನ್ನಡಕ್ಕೂ.

ಮಾಸ್ತಿಯವರ ಸಣ್ಣ ಕಥೆಗಳಿಗೆ 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಆಗ ಅವರಿಗೆ ತೊಂಬತ್ತು ವರ್ಷ ದಾಟಿತ್ತು. ತಮ್ಮ ಬಾಳಿನ ಕಥೆಯನ್ನು 'ಭಾವ' ಎಂಬ ಹೆಸರಿನ ಮೂರು ಸಂಪುಟಗಳಲ್ಲಿ ಅವರು ಬರೆದಿಟ್ಟಿದ್ದಾರೆ. 1986ರ ಜೂನ್ ತಿಂಗಳಲ್ಲಿ, 95 ವರ್ಷಗಳ ತುಂಬು ಬಾಳನ್ನು ಮುಗಿಸಿ ಅವರು ತೀರಿಕೊಂಡರು.

ನೆಲ ಬಿಟ್ಟು ಬಂದ ಬಳ್ಳಿ ಹೊಸ ಚಪ್ಪರಕ್ಕೆ ಹಬ್ಬಿದಾಗ ಅದರ ಹೂವಿನ ಬಣ್ಣ ಬದಲಾಗಬೇಕೆಂದು ಯಾರೂ ಕೇಳುವುದಿಲ್ಲ. ನೆರಳು ಕೊಟ್ಟರೆ ಸಾಕು ಎನ್ನುತ್ತಾರೆ. ಮಾಸ್ತಿಯವರ ಪೂರ್ವಿಕರು ಎಂದೋ ತಮಿಳು ನೆಲದಿಂದ ತಂದ ಬಳ್ಳಿ ಕನ್ನಡದ ಚಪ್ಪರದ ತುಂಬ ಹಬ್ಬಿತು. ಅದರ ನೆರಳಿನಲ್ಲಿ ನಾವು ಇಂದಿಗೂ ಕುಳಿತಿದ್ದೇವೆ.